ಕುರ್ಚಿ ಖಾಲಿಯಾದ ದಿನ ಏನಾಗಬೇಕು?



ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಅಂತ ನೀವು ಓದುವ ಗೈಡುಗಳಲ್ಲಿ ರಾಷ್ಟ್ರಪತಿ ಹುದ್ದೆಯ ಪಾಠ ಒಂದೂವರೆ ಪುಟಕ್ಕೆ ಮುಗಿದುಹೋಗುತ್ತದೆ. ಕನಿಷ್ಠ ವಯಸ್ಸು 35, ಅವಧಿ 5 ವರ್ಷ, ಆಯ್ಕೆ 54ನೇ ವಿಧಿ, ಅರ್ಹತೆ 58ನೇ ವಿಧಿ, ವಾಗ್ದಂಡನೆ 61. ಬಾಯಿಪಾಠ ಮಾಡುತ್ತೀರಿ, ಅಂಕ ತಗೊಳ್ಳುತ್ತೀರಿ, ಮುಂದಿನ ಪಾಠಕ್ಕೆ ಹೋಗುತ್ತೀರಿ. ಅಂಕ ಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ವಿಧಿಗಳನ್ನು ಅಲ್ಲಿಗೇ ಬಿಡಬೇಡಿ. ಸಂವಿಧಾನದ 52ರಿಂದ 71ರವರೆಗಿನ ಭಾಗವನ್ನು ಮೂಲದಲ್ಲೇ ಒಮ್ಮೆ ಓದಿ. ನಿಧಾನವಾಗಿ ಓದಿದರೂ ಒಂದು ಮಧ್ಯಾಹ್ನದ ಕೆಲಸ, ಅಷ್ಟೇ.

ಓದುವಾಗ ಒಂದು ಮಾತು ನೆನಪಿಟ್ಟುಕೊಳ್ಳಿ. ಅಧಿಕಾರದ ಕುರ್ಚಿಗೆ ಸಂಬಂಧಿಸಿದ ನಿಯಮಗಳನ್ನು ಯಾರ ಮುಖವೂ ಕಣ್ಣ ಮುಂದೆ ಇಲ್ಲದಾಗ ಬರೆಯಬೇಕು, ಯಾರ ಮುಖವೂ ಕಣ್ಣ ಮುಂದೆ ಇಲ್ಲದಾಗಲೇ ಓದಬೇಕು. ಮನೆಯ ಹಿರಿಯರು ಕಣ್ಣು ಮುಚ್ಚಿದ ಮೇಲೆ ತಿಜೋರಿಯ ಕೀಲಿ ಯಾರ ಕೈಗೆ ಎಂಬ ಮಾತು ಶುರುವಾದರೆ ಆ ಮನೆ ಉಳಿಯುವುದಿಲ್ಲ, ನೀವೇ ನೋಡಿದ್ದೀರಿ. ದೇಶಕ್ಕೂ ಅಂಥ ದಿನ ಬರುತ್ತದೆ. ನಮ್ಮ ದೇಶಕ್ಕೆ ಎರಡು ಸಲ ಬಂದಿತ್ತು. ನನ್ನ ವಯಸ್ಸಿನವರಿಗೆ ಎರಡೂ ನೆನಪಿವೆ. ನಿಮಗೆ ಅವು ಇಸವಿಗಳಾಗಿ ಮಾತ್ರ ಗೊತ್ತು, ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. 65ನೇ ವಿಧಿಯ ಪ್ರಕಾರ ಉಪರಾಷ್ಟ್ರಪತಿ ವಿ.ವಿ. ಗಿರಿ ಅದೇ ದಿನ ಹಂಗಾಮಿ ರಾಷ್ಟ್ರಪತಿಯಾದರು. ಇಲ್ಲಿಯವರೆಗೆ ಸಂವಿಧಾನದಲ್ಲಿ ಬರೆದಿಟ್ಟ ಹಾಗೇ ನಡೆಯಿತು. ಆದರೆ ಉಪರಾಷ್ಟ್ರಪತಿಯೂ ಇಲ್ಲವಾದರೆ ಯಾರು ಎಂಬುದಕ್ಕೆ ಸಂವಿಧಾನದಲ್ಲಿ ಉತ್ತರ ಇರಲಿಲ್ಲ. 70ನೇ ವಿಧಿ ಇದೆ. ಇಂಥ ಅನಿರೀಕ್ಷಿತ ಸಂದರ್ಭಗಳಿಗೆ ಸಂಸತ್ತು ಏರ್ಪಾಡು ಮಾಡಬಹುದು ಎಂದು ಅದು ಹೇಳುತ್ತದೆ. ಸಂವಿಧಾನ ಜಾರಿಗೆ ಬಂದು 19 ವರ್ಷ ಕಳೆದಿದ್ದರೂ ಸಂಸತ್ತು ಆ ಏರ್ಪಾಡು ಮಾಡಿರಲಿಲ್ಲ. ಜಾಕಿರ್ ಹುಸೇನರ ಸಾವಿನಿಂದ ಆ ಕೊರತೆ ಕಣ್ಣಿಗೆ ಬಿತ್ತು. ಅದೇ ಮೇ ತಿಂಗಳಲ್ಲಿ ಕಾಯ್ದೆ ಬಂತು. ಎರಡೂ ಹುದ್ದೆಗಳು ಖಾಲಿಯಾದರೆ ಭಾರತದ ಮುಖ್ಯ ನ್ಯಾಯಮೂರ್ತಿ, ಅವರೂ ಇಲ್ಲದಿದ್ದರೆ ಲಭ್ಯವಿರುವ ಸುಪ್ರೀಂ ಕೋರ್ಟಿನ ಅತ್ಯಂತ ಹಿರಿಯ ನ್ಯಾಯಮೂರ್ತಿ ರಾಷ್ಟ್ರಪತಿಯ ಕೆಲಸ ನೋಡಿಕೊಳ್ಳಬೇಕು ಎಂದಾಯಿತು.

ಎರಡು ತಿಂಗಳೂ ಕಳೆದಿರಲಿಲ್ಲ, ಆ ಕಾಯ್ದೆಗೆ ಕೆಲಸ ಬಿತ್ತು.

ಜುಲೈನಲ್ಲಿ ನಮ್ಮ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿ ಸೇರಿತ್ತು. ಆ ದಿನಗಳಲ್ಲೇ ಪಕ್ಷದ ಹಿರಿಯ ನಾಯಕರು ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿಯನ್ನಾಗಿ ಆರಿಸಿದರು. ಕಾಂಗ್ರೆಸ್ ಎರಡು ಹೋಳಾಗುವುದಕ್ಕೆ ನಾಂದಿಯಾದದ್ದು ಅಲ್ಲಿ. ತಾನೂ ಸ್ಪರ್ಧಿಸುತ್ತೇನೆ ಎಂದು ಗಿರಿ ಘೋಷಿಸಿದರು. ಉಪರಾಷ್ಟ್ರಪತಿಯಾಗಿದ್ದುಕೊಂಡೇ ಸ್ಪರ್ಧಿಸಲು 58ನೇ ವಿಧಿ ಅಡ್ಡಿ ಮಾಡುವುದಿಲ್ಲ; ಆದರೂ ಅವರು ಜುಲೈ 20ರಂದು ರಾಜೀನಾಮೆ ಕೊಟ್ಟರು. ಅಂದು ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ರಾಷ್ಟ್ರಪತಿಯ ಹೊಣೆ ಹೊತ್ತರು. ಆಗಸ್ಟ್ 24ರವರೆಗೆ, ಒಟ್ಟು 35 ದಿನ, ನಮ್ಮ ಗಣರಾಜ್ಯದ ಮುಖ್ಯಸ್ಥರ ಕೆಲಸ ಮಾಡಿದ್ದು ಒಬ್ಬ ನ್ಯಾಯಾಧೀಶರು. ಅಮೆರಿಕದ ಅಧ್ಯಕ್ಷ ನಿಕ್ಸನ್ ದೆಹಲಿಗೆ ಬಂದದ್ದು ಆ ದಿನಗಳಲ್ಲೇ.

ಇಲ್ಲಿ ಸ್ವಲ್ಪ ನಿಲ್ಲಿ. ಸಂಜೀವ ರೆಡ್ಡಿ ಆಗ ಲೋಕಸಭೆಯ ಸ್ಪೀಕರ್. ಸ್ಪರ್ಧಿಸುವುದಕ್ಕಾಗಿ ಅವರೂ ಅದೇ ಜುಲೈನಲ್ಲಿ ಆ ಹುದ್ದೆ ಬಿಟ್ಟರು. ಅಂದರೆ ರಾಷ್ಟ್ರಪತಿ ಇಲ್ಲ, ಉಪರಾಷ್ಟ್ರಪತಿ ಇಲ್ಲ, ಸ್ಪೀಕರ್ ಕೂಡ ಇಲ್ಲ. ಅಮೆರಿಕದಲ್ಲಿ ಉಪಾಧ್ಯಕ್ಷರ ನಂತರದ ಸರದಿ ಸ್ಪೀಕರ್‌ದು. ನಮ್ಮ ಸಂಸತ್ತು ಮೇ ತಿಂಗಳಲ್ಲಿ ಅದೇ ಮಾದರಿ ಹಿಡಿದಿದ್ದರೆ ಜುಲೈನಲ್ಲಿ ಅಲ್ಲೂ ಖಾಲಿ ಕುರ್ಚಿಯೇ ಸಿಗುತ್ತಿತ್ತು. ಚುನಾವಣೆಗೆ ನಿಲ್ಲುವ ಆಸೆ ಇರಬಹುದಾದವರನ್ನು ಬಿಟ್ಟು, ಆ ಕಣಕ್ಕೇ ಸೇರದ ಒಬ್ಬರನ್ನು ಸರದಿಯಲ್ಲಿಟ್ಟದ್ದು ಎಷ್ಟು ವಿವೇಕದ ಕೆಲಸ ಎಂಬುದು ಆ ಮಳೆಗಾಲದಲ್ಲೇ ರುಜುವಾತಾಯಿತು. ಕಾಯ್ದೆ ಬರೆದವರಿಗೆ ಮುಂದೆ ಆಗುವುದು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಬರೆದದ್ದಕ್ಕೇ ಅದು ಎಲ್ಲರಿಗೂ ಒಪ್ಪಿಗೆಯಾಯಿತು ಎಂದು ನನ್ನ ನಂಬಿಕೆ. ಇದೇ ಕಾಯ್ದೆಯನ್ನು ಜುಲೈ 20ರ ನಂತರ ಚರ್ಚಿಸಿದ್ದರೆ ಪ್ರತಿ ಸಾಲಿನ ಹಿಂದೆಯೂ ಗಿರಿ ಪಕ್ಷ, ರೆಡ್ಡಿ ಪಕ್ಷ ಎಂಬ ಲೆಕ್ಕ ಬರುತ್ತಿತ್ತು.

ಆ 35 ದಿನಗಳಿಂದ ಕಲಿಯಬೇಕಾದದ್ದು ಇನ್ನೊಂದಿದೆ. 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಗಿರಿ ಅಂಕಿತ ಹಾಕಿದ್ದು ಜುಲೈ 19ರಂದು, ರಾಜೀನಾಮೆಯ ಹಿಂದಿನ ದಿನ. ಅದರ ಜಾಗದಲ್ಲಿ ಸಂಸತ್ತು ಮಾಡಿದ ಕಾಯ್ದೆಗೆ ಆಗಸ್ಟ್ 9ರಂದು ಅಂಕಿತ ಹಾಕಿದವರು ಹಿದಾಯತುಲ್ಲಾ. ಆ ಕಾಯ್ದೆಯನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಾಗ ಅವರು ಮುಖ್ಯ ನ್ಯಾಯಮೂರ್ತಿಯ ಪೀಠಕ್ಕೆ ಮರಳಿದ್ದರು. ಆದರೆ ಆ ಮೊಕದ್ದಮೆ ಕೇಳಲು ಕೂರಲಿಲ್ಲ. 11 ನ್ಯಾಯಮೂರ್ತಿಗಳ ಪೀಠಕ್ಕೆ ಜೆ.ಸಿ. ಶಾ ಮುಖ್ಯಸ್ಥರಾದರು. ತಾನು ಸಹಿ ಹಾಕಿದ್ದನ್ನು ತಾನೇ ತೂಗಬಾರದು ಎಂಬ ಎಚ್ಚರ ಅದು. ಕಾನೂನು ಓದುವ ಮಕ್ಕಳಿಗಂತೂ ಇದನ್ನು ವಿಶೇಷವಾಗಿ ಹೇಳುತ್ತೇನೆ: ನಿಯಮ ನಿಮ್ಮನ್ನು ಕೂರಿಸಿದ ಜಾಗದಲ್ಲಿ ಕೂತು ಕೆಲಸ ಮಾಡಿ, ಆ ಕೆಲಸದ ನೆರಳು ಬೀಳುವ ಕಡೆಯಿಂದ ಎದ್ದು ಹೊರಗೆ ಬನ್ನಿ.

ಗಿರಿ, ರೆಡ್ಡಿ ನಿಂತ ಆ ಚುನಾವಣೆಯಲ್ಲಿ ಮೊದಲ ಪ್ರಾಶಸ್ತ್ಯದ ಮತಗಳಿಂದ ಯಾರಿಗೂ ಬಹುಮತ ಬರಲಿಲ್ಲ. ಎರಡನೇ ಪ್ರಾಶಸ್ತ್ಯಗಳನ್ನು ಎಣಿಸಿದಾಗ ಗಿರಿಗೆ 4,20,077, ರೆಡ್ಡಿಗೆ 4,05,427. ಸೋತವರ ಕಡೆಯಿಂದ ಸುಪ್ರೀಂ ಕೋರ್ಟಿಗೆ ತಕರಾರು ಹೋಯಿತು. ರಾಷ್ಟ್ರಪತಿ ಚುನಾವಣೆಯ ವ್ಯಾಜ್ಯ ತೀರಿಸುವ ಅಧಿಕಾರ 71ನೇ ವಿಧಿಯಂತೆ ಆ ಕೋರ್ಟಿನದೇ. ಗಿರಿ, ಅಧಿಕಾರದಲ್ಲಿದ್ದ ರಾಷ್ಟ್ರಪತಿ, ಖುದ್ದಾಗಿ ಕೋರ್ಟಿಗೆ ಬಂದು ಸಾಕ್ಷಿ ನುಡಿದರು. ಅರ್ಜಿ ವಜಾ ಆಯಿತು. ದೇಶದ ಮೊದಲ ಪ್ರಜೆಗೂ ಸಾಕ್ಷಿ ಕಟ್ಟೆ ಇದೆ ಎಂಬುದನ್ನು ಅಂದು ಪತ್ರಿಕೆಯಲ್ಲಿ ಓದಿದವರು ಮರೆಯುವ ಹಾಗಿಲ್ಲ.

ಇನ್ನು ಅರ್ಹತೆಯ ಮಾತಿಗೆ ಬರೋಣ. ನಿಮ್ಮಲ್ಲಿ ಅನೇಕರು ‘ನಮಗೂ ಅದಕ್ಕೂ ಏನು ಸಂಬಂಧ’ ಎಂದುಕೊಂಡಿರುತ್ತೀರಿ. 58ನೇ ವಿಧಿ ಕೇಳುವುದು ಇಷ್ಟೇ: ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆರಿಸಿಬರಲು ಅರ್ಹತೆ ಇರಬೇಕು, ಲಾಭದಾಯಕ ಹುದ್ದೆಯಲ್ಲಿ ಇರಬಾರದು. ಜಾತಿ, ಧರ್ಮ, ಲಿಂಗ, ಆಸ್ತಿ, ಡಿಗ್ರಿ ಯಾವುದರ ಸುದ್ದಿಯೂ ಇಲ್ಲ. ಹುಟ್ಟಿನ ಸುದ್ದಿಯೂ ಇಲ್ಲ. ಅಮೆರಿಕದಲ್ಲಿ ಹುಟ್ಟಿನಿಂದಲೇ ಅಲ್ಲಿಯ ಪ್ರಜೆಯಾಗಿದ್ದವರಷ್ಟೇ ಅಧ್ಯಕ್ಷರಾಗಬಹುದು, 14 ವರ್ಷ ಅಲ್ಲೇ ವಾಸವಿದ್ದಿರಬೇಕು. ನಮ್ಮವರು ಅಂಥ ಗೆರೆ ಎಳೆಯಲಿಲ್ಲ. ದೇಶ ಇಬ್ಭಾಗವಾಗಿ ಲಕ್ಷಾಂತರ ಜನ ಗಡಿ ದಾಟಿ ಬಂದಿದ್ದ ಆ ಹೊತ್ತಿನಲ್ಲಿ ಹುಟ್ಟಿದ ಊರಿನ ಮೇಲೆ ಪ್ರಜೆಗಳನ್ನು ಎರಡು ದರ್ಜೆ ಮಾಡದೆ ಇದ್ದದ್ದು ದೊಡ್ಡ ಮನಸ್ಸಿನ ಕೆಲಸ ಎಂದೇ ನಾನು ತಿಳಿದಿದ್ದೇನೆ.

ಲೋಕಸಭೆಗೆ ಅರ್ಹತೆ ಅಂದರೆ ಏನೆಂದು ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಹುಡುಕುತ್ತ ಹೋದರೆ ಒಂದು ಸರಳ ಸಂಗತಿ ಸಿಗುತ್ತದೆ: ದೇಶದ ಯಾವುದಾದರೂ ಲೋಕಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ರಾಷ್ಟ್ರಪತಿ ಭವನದವರೆಗೆ ಹೋಗುವ ದಾರಿ ನಿಮ್ಮ ಊರಿನ ಬೂತ್ ಮಟ್ಟದ ಅಧಿಕಾರಿಯ ಹತ್ತಿರ ಇರುವ ಪಟ್ಟಿಯಿಂದ ಶುರುವಾಗುತ್ತದೆ. 18 ತುಂಬಿಯೂ ಹೆಸರು ಸೇರಿಸದೆ ಓಡಾಡುವವರು ನಿಮ್ಮಲ್ಲಿ ಇದ್ದಾರೆಂದು ಗೊತ್ತು. ದಯವಿಟ್ಟು ಸೇರಿಸಿ.

ಲಾಭದಾಯಕ ಹುದ್ದೆಯ ಷರತ್ತು ಯಾಕೆ ಎಂದು ಕೇಳಬಹುದು. ಸರ್ಕಾರದ ಸಂಬಳ ಎಣಿಸಿಕೊಳ್ಳುವ ಕೈ ಸರ್ಕಾರದ ಕಡತದ ಮೇಲೆ ಸ್ವತಂತ್ರವಾಗಿ ಸಹಿ ಮಾಡುವುದು ಕಷ್ಟ, ಅದಕ್ಕೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲ, ಮಂತ್ರಿ ಇವರಿಗೆ ಮಾತ್ರ ವಿನಾಯಿತಿ ಇದೆ. 2012ರಲ್ಲಿ ಪ್ರಣಬ್ ಮುಖರ್ಜಿ ಗೆದ್ದಾಗ ಎದುರಾಳಿ ಪಿ.ಎ. ಸಂಗ್ಮಾ ಇದೇ ಅಂಶ ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಪ್ರಣಬ್ ಹೊಂದಿದ್ದ ಕೋಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಧ್ಯಕ್ಷಗಿರಿ ಲಾಭದಾಯಕ ಹುದ್ದೆ ಎಂಬುದು ಅವರ ವಾದ. ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳುವಂಥದ್ದಲ್ಲ ಎಂದರು, ಇಬ್ಬರು ಒಪ್ಪಲಿಲ್ಲ. ಆ ಇಬ್ಬರ ಅಭಿಪ್ರಾಯವನ್ನೂ ಓದಿ. ಗೆದ್ದ ತೀರ್ಪನ್ನು ಮಾತ್ರ ಓದುವ ಅಭ್ಯಾಸ ಒಳ್ಳೆಯದಲ್ಲ.

ಸಂವಿಧಾನ ಬಾಗಿಲನ್ನು ಅಗಲವಾಗಿ ತೆರೆಯಿತು, ಆಮೇಲೆ ಬಂದ ಕಾಯ್ದೆ ಅದನ್ನು ಕಿರಿದು ಮಾಡಿತು. ಇದು ನಿಮ್ಮ ಗಮನದಲ್ಲಿರಲಿ. 1967ರಲ್ಲಿ 17 ಮಂದಿ ಕಣದಲ್ಲಿದ್ದರು, ಅವರಲ್ಲಿ 9 ಮಂದಿಗೆ ಒಂದು ಮತವೂ ಬೀಳಲಿಲ್ಲ. ಸುಮ್ಮನೆ ಹೆಸರಿಗಾಗಿ ನಿಲ್ಲುವವರನ್ನು ತಡೆಯಬೇಕೆಂದು 1974ರಲ್ಲಿ 10 ಸೂಚಕರು, 10 ಅನುಮೋದಕರು, 2,500 ರೂಪಾಯಿ ಠೇವಣಿ ಎಂದು ಮಾಡಿದರು. 1997ರಲ್ಲಿ ಅದು 50 ಸೂಚಕರು, 50 ಅನುಮೋದಕರು, 15,000 ರೂಪಾಯಿ ಆಯಿತು. ಈ ನೂರು ಜನ ಶಾಸಕರೋ ಸಂಸದರೋ ಆಗಿರಬೇಕು. ಹೀಗಾಗಿ 35 ದಾಟಿದ ಪ್ರತಿಯೊಬ್ಬ ಪ್ರಜೆಯೂ ಅರ್ಹ, ಆದರೆ ದೊಡ್ಡ ಪಕ್ಷಗಳ ಬೆಂಬಲವಿಲ್ಲದ ಪ್ರಜೆಯ ನಾಮಪತ್ರ ಮೇಜಿನ ಮೇಲೇ ಬಿದ್ದುಹೋಗುತ್ತದೆ. 1977ರಲ್ಲಿ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿ ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾದರು. ತಡೆ ಬೇಕಾಗಿತ್ತು, ಒಪ್ಪುತ್ತೇನೆ. ಆದರೆ ನೂರು ಎಂಬುದು ಹೆಚ್ಚಾಯಿತು ಎಂದು ನನಗೆ ಅನ್ನಿಸುತ್ತದೆ. ನೀವು ಬೇರೆ ಥರ ಯೋಚಿಸಬಹುದು, ಯೋಚಿಸಿ, ಸಾಕು.

ಮತ ಹಾಕುವವರು ನಮ್ಮ ಪ್ರತಿನಿಧಿಗಳು. ಸಂಸದರ ಮತಪತ್ರ ಹಸಿರು, ಶಾಸಕರದು ಗುಲಾಬಿ ಬಣ್ಣ. ಚುನಾವಣಾ ಆಯೋಗ ಕೊಟ್ಟ ಪೆನ್ನಿನಲ್ಲೇ ಹೆಸರುಗಳ ಎದುರು 1, 2 ಎಂದು ಅಂಕಿ ಬರೆಯಬೇಕು. ಶಾಸಕರ ಮತದ ಮೌಲ್ಯ ಲೆಕ್ಕ ಹಾಕುವುದು 1971ರ ಜನಗಣತಿಯ ಮೇಲೆ. ಆ ಲೆಕ್ಕದಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ 131, ಉತ್ತರ ಪ್ರದೇಶದವರಿಗೆ 208, ಸಿಕ್ಕಿಂನವರಿಗೆ 7. ಈ ಚುನಾವಣೆಯಲ್ಲಿ ಪಕ್ಷದ ವಿಪ್ ಇಲ್ಲ. 2027ರ ಜುಲೈನಲ್ಲಿ ಈಗಿನ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಅವಧಿ ಮುಗಿಯುತ್ತದೆ. ಅಷ್ಟರಲ್ಲಿ ನಿಮ್ಮ ಶಾಸಕರು ಊರಿಗೆ ಬಂದಾಗ, ರಸ್ತೆ, ನೀರಿನ ಮಾತು ಮುಗಿದ ಮೇಲೆ, ‘ಅಣ್ಣಾ, ನಮ್ಮ 131 ಯಾರಿಗೆ, ಯಾಕೆ?’ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಒಬ್ಬರು ಎಷ್ಟು ಸಲ ರಾಷ್ಟ್ರಪತಿ ಆಗಬಹುದು ಎಂಬುದು ಮುಂದಿನ ಪ್ರಶ್ನೆ. ಸಂವಿಧಾನದ ಕರಡಿನಲ್ಲಿ, ರಾಷ್ಟ್ರಪತಿಯಾಗಿದ್ದವರು ಇನ್ನೊಂದು ಸಲ ಮಾತ್ರ ಆರಿಸಿಬರಬಹುದು ಎಂದಿತ್ತು. ಕೊನೆಯ ರೂಪದಲ್ಲಿ, ಈಗಿನ 57ನೇ ವಿಧಿಯಲ್ಲಿ, ಆ ಮಿತಿ ಇಲ್ಲ. ಆದರೂ ಒಂದಕ್ಕಿಂತ ಹೆಚ್ಚು ಅವಧಿ ಇದ್ದವರು ರಾಜೇಂದ್ರ ಪ್ರಸಾದ್ ಒಬ್ಬರೇ, 1950ರಿಂದ 1962ರವರೆಗೆ. ಅವರ ನಂತರ ಯಾರೂ ಎರಡನೇ ಅವಧಿಗೆ ಆರಿಸಿಬರಲಿಲ್ಲ. ಬರೆಯದ ಪದ್ಧತಿಯೇ ಇಲ್ಲಿ ನಿಯಮದ ಕೆಲಸ ಮಾಡುತ್ತಿದೆ.

ಪದ್ಧತಿ ಎಷ್ಟು ದಿನ ಬಾಳುತ್ತದೆ ಎಂಬುದಕ್ಕೆ ಹೊರಗಿನ ಎರಡು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ ಎರಡು ಅವಧಿಗೆ ಸಾಕು ಎಂದು ಮನೆಗೆ ಹೋದರು. ಆ ಮೇಲ್ಪಂಕ್ತಿ 1940ರವರೆಗೆ ನಿಂತಿತು. ಆಗ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೂರನೇ ಸಲ, 1944ರಲ್ಲಿ ನಾಲ್ಕನೇ ಸಲವೂ ಗೆದ್ದರು. 1951ರಲ್ಲಿ 22ನೇ ತಿದ್ದುಪಡಿ ಬಂದು ಎರಡೇ ಸಲ ಎಂದು ಗಟ್ಟಿಯಾಗಿ ಬರೆಯಿತು. ಶ್ರೀಲಂಕಾದಲ್ಲಿ ಆದದ್ದು ತಿರುಗುಮುರುಗು. ಬರೆದಿಟ್ಟಿದ್ದ ಎರಡು ಅವಧಿಯ ಮಿತಿಯನ್ನು 2010ರಲ್ಲಿ, ಮಹಿಂದ ರಾಜಪಕ್ಸ ಅಧಿಕಾರದಲ್ಲಿದ್ದಾಗಲೇ, 18ನೇ ತಿದ್ದುಪಡಿ ತೆಗೆದುಹಾಕಿತು. ಅವರು ಮೂರನೇ ಸಲ ನಿಂತರು, 2015ರ ಜನವರಿಯಲ್ಲಿ ಸೋತರು, ಅದೇ ವರ್ಷ 19ನೇ ತಿದ್ದುಪಡಿ ಮಿತಿಯನ್ನು ಮರಳಿ ತಂದಿತು. ಕುರ್ಚಿಯ ಮೇಲೆ ಕೂತವರೇ ಆ ಕುರ್ಚಿಯ ಅಳತೆ ಬದಲಿಸಲು ಹೊರಟರೆ ಎಚ್ಚರವಾಗಿ. ಅವರು ನಿಮ್ಮ ಮೆಚ್ಚಿನ ನಾಯಕರಾಗಿದ್ದರಂತೂ ಇನ್ನೂ ಎಚ್ಚರವಾಗಿ, ಏಕೆಂದರೆ ಆಗ ನಿಮಗೆ ಅದು ತಪ್ಪೆಂದೇ ಕಾಣುವುದಿಲ್ಲ. ಇವತ್ತು ಇವರಿಗಾಗಿ ತೆಗೆದ ಬೇಲಿ ನಾಳೆ ನಿಮಗಾಗದವರಿಗೂ ತೆರೆದೇ ಇರುತ್ತದೆ.

ನಮ್ಮ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯುವವರಾದ್ದರಿಂದ ಅಲ್ಲಿ ಅವಧಿಯ ಮಿತಿ ಇಲ್ಲದಿರುವುದು ಅಷ್ಟು ಅಪಾಯವಲ್ಲ. ಪ್ರಧಾನಿಗೂ ಮುಖ್ಯಮಂತ್ರಿಗೂ ಮಿತಿ ಇಲ್ಲ. ಇರಬೇಕೇ ಎಂಬ ಚರ್ಚೆಯನ್ನು ನಿಮ್ಮ ಕಾಲೇಜಿನಲ್ಲಿ ಮಾಡಿ, ಆದರೆ ಯಾರ ಹೆಸರನ್ನೂ ಎತ್ತದೆ ಮಾಡಿ ನೋಡಿ. ಎಷ್ಟು ಕಷ್ಟ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಎರಡನೇ ಸಲ ಕುರ್ಚಿ ಖಾಲಿಯಾದದ್ದು 1977ರ ಫೆಬ್ರವರಿ 11ರಂದು. ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು, ಲೋಕಸಭಾ ಚುನಾವಣೆ ಘೋಷಣೆಯಾಗಿತ್ತು. ಅಂಥ ಹೊತ್ತಿನಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ಹಂಗಾಮಿ ರಾಷ್ಟ್ರಪತಿಯಾದವರು ನಮ್ಮ ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು, 1974ರಿಂದ ಉಪರಾಷ್ಟ್ರಪತಿ. ಮಾರ್ಚ್‌ನಲ್ಲಿ ಆಳುವ ಪಕ್ಷ ಸೋತಿತು, ಪ್ರಧಾನಿಯೇ ತಮ್ಮ ಕ್ಷೇತ್ರದಲ್ಲಿ ಸೋತರು. ಸ್ವತಂತ್ರ ಭಾರತದಲ್ಲಿ ಕೇಂದ್ರದ ಅಧಿಕಾರ ಮೊದಲ ಸಲ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋಗುವಾಗ ಆ ಜಾಗದಲ್ಲಿದ್ದವರು ಸಾವಳಗಿಯ ಈ ಮನುಷ್ಯ. ಮೊರಾರ್ಜಿ ದೇಸಾಯಿ ಅವರಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಆ ಮಾರ್ಚ್‌ನಲ್ಲಿ ಯಾರು ಯಾರಿಗೆ ಅಧಿಕಾರ ಬಿಟ್ಟುಕೊಡುತ್ತಾರೋ ಎಂದು ಎಷ್ಟೋ ಜನ ಉಸಿರು ಬಿಗಿಹಿಡಿದಿದ್ದೆವು. ಎಲ್ಲ ಪುಸ್ತಕದಲ್ಲಿ ಬರೆದ ಹಾಗೆ ನಡೆದುಹೋಯಿತು.

ಏಪ್ರಿಲ್‌ನಲ್ಲಿ ಜತ್ತಿಯವರಿಗೆ ಕಠಿಣ ಗಳಿಗೆ ಬಂತು. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಹೊಸ ಸರ್ಕಾರ ಸಲಹೆ ಕೊಟ್ಟಿತು. ಜತ್ತಿ ಕೂಡಲೇ ಸಹಿ ಮಾಡಲಿಲ್ಲ. ಮಂತ್ರಿಮಂಡಲದ ಸಲಹೆಯಂತೆ ನಡೆಯಲೇಬೇಕೆಂದು 42ನೇ ತಿದ್ದುಪಡಿ ಆಗಷ್ಟೇ 74ನೇ ವಿಧಿಯಲ್ಲಿ ಬರೆದಿತ್ತು. ಮರುಪರಿಶೀಲಿಸಿ ಎಂದು ಒಂದು ಸಲ ವಾಪಸ್ ಕಳಿಸುವ ಅವಕಾಶ ರಾಷ್ಟ್ರಪತಿಗೆ ಸಿಕ್ಕಿದ್ದು 1978ರ 44ನೇ ತಿದ್ದುಪಡಿಯಿಂದ. ಏಪ್ರಿಲ್ 30ರಂದು ಅವರು ಸಹಿ ಹಾಕಿದರು. ಅವರ ಹಿಂಜರಿಕೆ ಪಕ್ಷದ ಮೋಹ ಎಂದವರಿದ್ದಾರೆ, ಆತ್ಮಸಾಕ್ಷಿ ಎಂದವರಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಒಳಗೆ ಒಪ್ಪಿಗೆಯಿಲ್ಲದಿದ್ದರೂ ನಿಯಮ ಏನು ಹೇಳುತ್ತದೋ ಅದಕ್ಕೆ ಅವರು ತಲೆಬಾಗಿದರು. ಹಂಗಾಮಿ ಎಂಬ ಕಾರಣಕ್ಕೆ ಅವರ ಅಧಿಕಾರ ಒಂದು ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ, ಹೊಣೆಯೂ ಕಡಿಮೆ ಇರಲಿಲ್ಲ.

ಅಮೆರಿಕದಲ್ಲಿ ಅಧ್ಯಕ್ಷರು ಸತ್ತರೆ ಉಪಾಧ್ಯಕ್ಷರೇ ಅಧ್ಯಕ್ಷರಾಗಿ ಉಳಿದ ಅವಧಿ ಪೂರೈಸುತ್ತಾರೆ. ನಮ್ಮಲ್ಲಿ ಉಪರಾಷ್ಟ್ರಪತಿ ಜಾಗ ಕಾಯುತ್ತಾರೆ, ಅಷ್ಟೇ. 62ನೇ ವಿಧಿಯಂತೆ ಆರು ತಿಂಗಳೊಳಗೆ ಚುನಾವಣೆ ಆಗಲೇಬೇಕು, ಗೆದ್ದವರಿಗೆ ಪೂರ್ತಿ ಐದು ವರ್ಷ ಸಿಗಬೇಕು. ಬದಲಿಗೆ ಬಂದವರಿಗೆ ಬೇರೆಯವರ ಮಿಕ್ಕಿದ ದಿನಗಳನ್ನು ಕೊಡುವುದಿಲ್ಲ. ರಾಷ್ಟ್ರಪತಿಗಳು ಮೊದಲು ಮೇ 13ರಂದು ಅಧಿಕಾರ ವಹಿಸಿಕೊಳ್ಳುತ್ತಿದ್ದರು. ಜಾಕಿರ್ ಹುಸೇನರ ಸಾವಿನ ನಂತರ ಅದು ಆಗಸ್ಟ್ 24 ಆಯಿತು, ಫಕ್ರುದ್ದೀನರ ಸಾವಿನ ನಂತರ ಜುಲೈ 25. 1977ರಿಂದ ಈವರೆಗೆ ಎಲ್ಲರೂ ಅವಧಿ ಪೂರೈಸಿರುವುದರಿಂದ ಆ ದಿನಾಂಕ ಹಾಗೇ ಉಳಿದಿದೆ.

ಉಪರಾಷ್ಟ್ರಪತಿ ಹುದ್ದೆ ಖಾಲಿಯಾದರೆ ಮಾತ್ರ ಆರು ತಿಂಗಳ ಗಡುವು ಇಲ್ಲ. ಆದಷ್ಟು ಬೇಗ ಎನ್ನುತ್ತದೆ 68ನೇ ವಿಧಿ. 2025ರ ಜುಲೈ 21ರಂದು ಜಗದೀಪ್ ಧನಕರ್ ರಾಜೀನಾಮೆ ಕೊಟ್ಟಾಗ ಸೆಪ್ಟೆಂಬರ್ 9ರ ಹೊತ್ತಿಗೆ ಸಿ.ಪಿ. ರಾಧಾಕೃಷ್ಣನ್ ಆಯ್ಕೆಯಾದರು, ತೊಂದರೆಯಾಗಲಿಲ್ಲ. ಮುಂದೊಂದು ದಿನ ಯಾರಾದರೂ ‘ಆದಷ್ಟು ಬೇಗ’ ಎಂಬುದನ್ನು ಎರಡು ವರ್ಷಕ್ಕೆ ಎಳೆದರೆ?

ಇದಕ್ಕಿಂತ ದೊಡ್ಡ ಬಿಟ್ಟ ಸ್ಥಳ 65ನೇ ವಿಧಿಯಲ್ಲಿದೆ. ಗೈರುಹಾಜರಿ, ಕಾಯಿಲೆ ಅಥವಾ ಇನ್ನಾವುದೇ ಕಾರಣದಿಂದ ರಾಷ್ಟ್ರಪತಿ ಕೆಲಸ ಮಾಡಲಾಗದಿದ್ದರೆ ಅವರು ಮರಳುವವರೆಗೆ ಉಪರಾಷ್ಟ್ರಪತಿ ನೋಡಿಕೊಳ್ಳಬೇಕು ಎಂದಿದೆ. ರಾಜೇಂದ್ರ ಪ್ರಸಾದರ ಕಾಯಿಲೆಯಲ್ಲಿ ಆಗಿನ ಉಪರಾಷ್ಟ್ರಪತಿ ಎಸ್. ರಾಧಾಕೃಷ್ಣನ್ ಹಾಗೆ ನೋಡಿಕೊಂಡರು. 1982ರ ಅಕ್ಟೋಬರ್‌ನಲ್ಲಿ ಜೈಲ್ ಸಿಂಗ್ ಚಿಕಿತ್ಸೆಗೆ ವಿದೇಶಕ್ಕೆ ಹೋದಾಗ, ಅಷ್ಟರಲ್ಲಿ ಉಪರಾಷ್ಟ್ರಪತಿಯಾಗಿದ್ದ ಅದೇ ಹಿದಾಯತುಲ್ಲಾ ನೋಡಿಕೊಂಡರು. ಆದರೆ ರಾಷ್ಟ್ರಪತಿ ಮಾತಾಡಲಾರದ ಸ್ಥಿತಿಯಲ್ಲಿ ಮಲಗಿದ್ದರೆ, ಕೆಲಸ ಮಾಡಲು ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಪ್ರಧಾನಿಯೇ, ವೈದ್ಯರೇ, ಸಂಸತ್ತೇ, ಸುಪ್ರೀಂ ಕೋರ್ಟೇ? ವಿಧಿಯಲ್ಲಿ ಬರೆದಿಲ್ಲ. ಅಮೆರಿಕದವರು ಕೆನಡಿ ಹತ್ಯೆಯ ನಂತರ, 1967ರಲ್ಲಿ ಜಾರಿಗೆ ಬಂದ 25ನೇ ತಿದ್ದುಪಡಿಯಲ್ಲಿ ಇದಕ್ಕೆ ಹಂತ ಹಂತವಾಗಿ ಉತ್ತರ ಬರೆದಿಟ್ಟರು. ನಮ್ಮಲ್ಲಿ 70ನೇ ವಿಧಿ ಸಂಸತ್ತಿಗೆ ಕೊಟ್ಟ ಅಧಿಕಾರ ಈಗಲೂ ಅಲ್ಲೇ ಇದೆ. ನಿಮ್ಮಲ್ಲಿ ಕಾನೂನು ಕಲಿಯುತ್ತಿರುವವರು ಒಂದು ಕರಡು ಬರೆಯಿರಿ, ನಿಮ್ಮ ಸಂಸದರಿಗೆ ಕಳಿಸಿ. ಉಪರಾಷ್ಟ್ರಪತಿ ಕೇಳಬೇಕೇ, ಎಷ್ಟು ವೈದ್ಯರು ನೋಡಬೇಕು, ಎಷ್ಟು ದಿನಕ್ಕೊಮ್ಮೆ ಮರುಪರಿಶೀಲನೆ ಆಗಬೇಕು, ಗುಣವಾಗಿ ಎದ್ದ ರಾಷ್ಟ್ರಪತಿ ತಮ್ಮ ಕುರ್ಚಿ ಕೇಳಿದರೆ ಯಾರೂ ಅಡ್ಡ ಬರದ ಹಾಗೆ ಏನು ಮಾಡಬೇಕು, ಎಲ್ಲ ಬರೆಯಿರಿ. ಈಗ ರಾಷ್ಟ್ರಪತಿ ಭವನದಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ, ಈಗಲೇ ಬರೆಯಿರಿ.